ಜಗಳದ ಉಪವಾಸ

ಮಾರ್ತವ್ವ: ಇಮಾಮಹುಸೇನ ನಾಕು ನುಗ್ಗಿಕಾಯಿ ಕಿತ್ತಾನ. ಐದನೇದಕ್ಕ ಕೈ ಹಾಕ್ಯಾನ. ಕಣ್ಣು ಕಾಣತಾವೋ ಇಲ್ಲೋ ನಿಮಗ?

ದಾವೀದಪ್ಪ: ಕಾಣತಾವು.

ಮಾರ್ತವ್ವ: ಮತ್ತ ಬಾಯಿ?

ದಾವೀದಪ್ಪ: ಅದು ಉಪವಾಸ ಐತಿ.

ಗೋಕಾಕ ಫಾಲ್ಸಿನ ಆ ಓಣಿಯಲ್ಲಿ ದಾವೀದಪ್ಪನ ಮನೆಗೂ ಇಮಾಮಹುಸೇನನ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ನುಗ್ಗೆಗಿಡದ ಬೇರು ದಾವೀದಪ್ಪನ ಅಂಗಳದಲ್ಲಿ, ಮೈತುಂಬ ಕಾಯಿ ಬಿಡುವ ಟೊಂಗೆ ಇಮಾಮಹುಸೇನನ ಅಂಗಳದಲ್ಲಿ. ಇಬ್ಬರೂ ಮಿಲ್ಲಿನ ಮಗ್ಗದ ಖಾತೆಯಲ್ಲಿ ಅಕ್ಕಪಕ್ಕ ನಿಂತು ದುಡಿದವರು. ಆ ಸದ್ದಿನಲ್ಲಿ ಚಹಾ ಆಯಿತೇ ಎಂದು ಕೇಳಬೇಕಾದರೂ ಬೈದಂತೆ ಕೂಗಬೇಕು. ಕೆಲಸ ಮುಗಿದಾಗ ಮಗ್ಗ ಅಲ್ಲೇ ಉಳಿಯಿತು, ಕೂಗು ಜೊತೆಗೆ ಬಂತು. ದಿನಾ ಬೆಳಿಗ್ಗೆ ಗೋಡೆಗೆ ಬಂದು ಆ ಟೊಂಗೆಯ ನೆಪದಲ್ಲಿ ಜಗಳವಾಡಿದರೇನೇ ಇಬ್ಬರಿಗೂ ರೊಟ್ಟಿ ಇಳಿಯುವುದು.

ಈ ಸಲ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚುವ ಮೊದಲು ಫಾದರ್ ಒಂದು ಮಾತು ಹೇಳಿದ್ದರು: ಈಸ್ಟರ್‌ವರೆಗಿನ ತಪಸ್ಸುಕಾಲದ ನಲವತ್ತು ದಿನ ಬರೀ ಮಟನ್ ಬಿಟ್ಟರೆ ಸಾಲದು, ಯಾವುದು ಬಹಳ ಹಿತವೋ ಅದನ್ನು ಬಿಡಿ. ದಾವೀದಪ್ಪ ತನ್ನಲ್ಲಿ ಬಿಡಲು ಏನಿದೆ ಎಂದು ಹುಡುಕಿದ. ಮಟನ್ನನ್ನು ಡಾಕ್ಟರು ಬಿಡಿಸಿದ್ದರು, ಬೀಡಿಯನ್ನು ಹೆಂಡತಿ ಮಾರ್ತವ್ವ ಬಿಡಿಸಿದ್ದಳು. ಉಳಿದ ಸುಖ ಒಂದೇ.

ಮಾರ್ತವ್ವ: ಜಗಳಾ ಬಿಡ್ರಿ, ಬ್ಯಾಡಂದವರ್ಯಾರು. ಗಿಡಾ ಯಾಕ ಬಿಡತೀರಿ? ಸಮಾಧಾನದಿಂದ ಒಂದ ಮಾತ ಹೇಳ್ರಿ ಅವಗ.

ದಾವೀದಪ್ಪ: ನಾ ಸಮಾಧಾನದಿಂದ ಹೇಳಿದ್ರ ಅಂವ ಗಾಬರಿ ಆಗ್ತಾನ.

ಇಮಾಮಹುಸೇನ ಆಗಲೇ ಗಾಬರಿಯಾಗಿದ್ದ. ಗುರುವಾರ ಒಂದು ಕಾಯಿ ಕಿತ್ತು, ಕೆಮ್ಮಿ, ಕಾದಿದ್ದ. ಈಚೆಯಿಂದ ಸದ್ದಿಲ್ಲ. ಶುಕ್ರವಾರ, ಮಾರ್ತವ್ವ ಎಣಿಸುತ್ತಿದ್ದಂತೆಯೇ, ಐದು ಕಿತ್ತು ಗೋಡೆಗೆ ಟಪಟಪ ಬಡಿದ. ದಾವೀದಪ್ಪ ಮುಗುಳ್ನಕ್ಕು ಒಳಗೆ ಹೋದ. ಆ ನಗು ನೋಡಿ ಇಮಾಮಹುಸೇನನಿಗೆ ಖಾತ್ರಿಯಾಯಿತು, ಇವನು ವಕೀಲನನ್ನು ಹಿಡಿದಿದ್ದಾನೆ. ಮನೆಯಲ್ಲಿ ಹೆಂಡತಿ ಮೆಹರುನಬಿಯೂ ಬಿಡಲಿಲ್ಲ. ರಮಜಾನಿನ ಉಪವಾಸ, ರೋಜಾ ಹಿಡಿದು ಕಂಡವರ ಕಾಯಿ ಕೀಳಲು, ಜಗಳ ಕೆದರಲು ನಾಚಿಕೆಯಿಲ್ಲವೇ ಎಂದಳು. ಶನಿವಾರ ಬೆಳಿಗ್ಗೆ ಅವನು ಟೊಪ್ಪಿಗೆ ಹಾಕಿಕೊಂಡು ಗೋಡೆಗೆ ಬಂದ.

ಇಮಾಮಹುಸೇನ: ದಾವೀದಪ್ಪಾ, ಕೋರ್ಟು ಗೀರ್ಟು ಏನೂ ಬ್ಯಾಡ. ನಾಳೆ ಆ ಟೊಂಗಿ ಕಡಿಸಿಬಿಡತೇನಿ. ಗರಗಸದ ಭೀಮರಾಯಗ ಹೇಳಿ ಬಂದೇನಿ. ರಮಜಾನದಾಗ ಒಂದ ಒಳ್ಳೆ ಕೆಲಸ ಆಗಲಿ.

ದಾವೀದಪ್ಪ ಯೋಚಿಸಿದ: ಕಾಯಿ ಹೋದರೆ ಹೋಗಲಿ, ಟೊಂಗೆ ಹೋದರೆ ಈಸ್ಟರ್ ಆದ ಮೇಲೆ ಇಬ್ಬರೂ ಗೋಡೆಗೆ ಬಂದು ಮಾತಾಡುವುದೇನನ್ನು? ಬಿಸಿಲು ಬಹಳ ಎಂದು ಸಾಯುವ ತನಕ ಮಾತಾಡಲು ಬರುತ್ತದೆಯೇ? ಬೈಯಲು ಬಾಯಿ ತೆರೆದ. ವ್ರತ ನೆನಪಾಗಿ ನಯವಾದ.

ದಾವೀದಪ್ಪ: ಕಡಿಸಬ್ಯಾಡ್ರಿ.

ಇಮಾಮಹುಸೇನ: ನನಗ ರೀ ಅಂದಿ? ಅಷ್ಟ ಸಿಟ್ಟ ಬಂದೈತೇನ?

ದಾವೀದಪ್ಪ: ಸಿಟ್ಟ ಏನಿಲ್ರಿ. ನಿಮ್ಮ ಟೊಂಗಿ, ನಿಮ್ಮ ಕಾಯಿ. ಹೊಟ್ಟಿತುಂಬ ತಿನ್ರಿ.

ಇಮಾಮಹುಸೇನ: ಹಿಂಗ ಮಾತಾಡು ಅಂತ ವಕೀಲ ಕಲಿಸ್ಯಾನ. ಬ್ಯಾಡಪ್ಪ, ನಾಳೆ ಕಡಿಯೂದ ಖರೆ.

ದಾವೀದಪ್ಪ ಒಳಗೆ ಬಂದು ತಲೆಯ ಮೇಲೆ ಕೈ ಹೊತ್ತು ಕುಳಿತ.

ದಾವೀದಪ್ಪ: ಒಂದ ಬೈಗಳಾ ಬೈದಿದ್ರ ಟೊಂಗಿ ಉಳೀತಿತ್ತು.

ಮಾರ್ತವ್ವ: ನಾಳೆ ಬೈರಿ. ಐತವಾರ ಐತಿ.

ದಾವೀದಪ್ಪ: ಐತವಾರ ಆದ್ರ ಏನಾತು?

ಮಾರ್ತವ್ವ: ಐತವಾರ ನಲವತ್ತರೊಳಗ ಹಿಡಿಯೂದಿಲ್ಲ. ವರ್ಷಾ ನಿಮ್ಮ ಮುಂದ ಕುಂತ ನಾ ಐತವಾರದ ಮಟನ್ ತಿಂದಿಲ್ಲೇನ? ಕಣ್ಣ ಬಿಟಗೊಂಡ ನೋಡಿರಿ, ಕಾರಣಾ ಕೇಳಿಲ್ಲ.

ಐತವಾರ ದಾವೀದಪ್ಪ ಪೂಜೆ ಮುಗಿಸಿಕೊಂಡು ಚರ್ಚಿನಿಂದ ನೆಟ್ಟಗೆ ಗೋಡೆಗೇ ಬಂದ. ಆಚೆ ಭೀಮರಾಯ ಗರಗಸಕ್ಕೆ ಎಣ್ಣೆ ಹಚ್ಚುತ್ತಿದ್ದ.

ದಾವೀದಪ್ಪ: ಏ ಇಮಾಮ್ಯಾ, ನನ್ನ ಗಿಡಕ್ಕ ಗರಗಸಾ ಹಚ್ಚಾಂವ ನೀ ಯಾವ ಊರ ದೇಸಾಯಿ ಅಲೇ?

ಇಮಾಮಹುಸೇನನ ಮುಖ ಹಬ್ಬದ ಚಂದ್ರ ಕಂಡವನಂತೆ ಅರಳಿತು. ಉತ್ತರ ಗಂಟಲತನಕ ಬಂತು. ಅಷ್ಟರಲ್ಲಿ ತಾನೇ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ಇಮಾಮಹುಸೇನ: ರೋಜಾ ಐತೋ. ಜಗಳಕ್ಕ ಬಂದವರಿಗೆ ರೋಜಾ ಇದ್ದೇನಿ ಅಂತ ಹೇಳಿ ಸುಮ್ಮನಿರಬೇಕು. ಹೊತ್ತ ಮುಣಗಲಿ, ಅಜಾನ್ ಆಗಲಿ, ಖಜೂರ ಬಾಯಾಗ ಬೀಳಲಿ. ಆಮ್ಯಾಲೆ ಬಾ.

ದಾವೀದಪ್ಪ: ಅಲ್ಲೀತನಾ ಇಂವ?

ಇಮಾಮಹುಸೇನ: ನಿಮ್ಮ ಕಟ್ಟಿಮ್ಯಾಲೆ ಕುಂದ್ರಸಕೋ. ಚಹಾನೂ ಕೊಡು. ನಮ್ಮ ಮನ್ಯಾಗ ಹಗಲ ಒಲಿ ಹತ್ತೂದಿಲ್ಲ.

ಭೀಮರಾಯ ಇಡೀ ದಿನ ದಾವೀದಪ್ಪನ ಕಟ್ಟೆಯ ಮೇಲೆ ಕುಳಿತು ಮಾರ್ತವ್ವನ ಚಹಾ ಕುಡಿದ. ಊಟಕ್ಕೆ ನುಗ್ಗೆಕಾಯಿ ಸಾರು. ಕಡಿಯಬೇಕಾದ ಗಿಡದ್ದೇ ಕಾಯಿ ಎಂದು ತಿಳಿದು ಇನ್ನೊಂದು ವಾಟಗ ಹಾಕಿಸಿಕೊಂಡ. ಸಂಜೆ ಅಜಾನ್ ಕೇಳಿತು. ಖಜೂರದ ಬೀಜವನ್ನು ಉಗುಳುತ್ತಲೇ ಇಮಾಮಹುಸೇನ ಗೋಡೆಗೆ ಬಂದ.

ದಾವೀದಪ್ಪ: ಟೊಂಗಿ ಮುಟ್ಟಿದ್ರ ಕೈ ಮುರೀತೇನಿ.

ಇಮಾಮಹುಸೇನ: ನಾ ಯಾಕ ಮುಟ್ಟಲಿ? ನನ್ನ ಅಂಗಳದಾಗಿದ್ದದ್ದು ನಂದು. ಕಡಿಸಂಗಿಲ್ಲ, ಏನ ಮಾಡತಿ?

ದಾವೀದಪ್ಪ: ಕಡಿಸಿದ್ರ ನೋಡ ಮತ್ತ.

ಇಮಾಮಹುಸೇನ: ಕಡಿಸಂಗಿಲ್ಲಂದ್ರ ಕಡಿಸಂಗಿಲ್ಲ.

ಇಬ್ಬರೂ ಗಕ್ಕನೆ ನಿಂತರು. ಆಡುತ್ತಿರುವುದು ಒಂದೇ ಮಾತೆಂದು ಹೊಳೆದು ಇಬ್ಬರಿಗೂ ಮೋಸವಾದಂತಾಯಿತು. ಭೀಮರಾಯ ಎದ್ದು ಗರಗಸವನ್ನು ಹೆಗಲಿಗೇರಿಸಿದ. ಅಡುಗೆಮನೆಯಲ್ಲಿದ್ದ ಮಾರ್ತವ್ವನಿಗೆ ಈ ಮೌನ ತಾಳಲಾಗಲಿಲ್ಲ.

ಮಾರ್ತವ್ವ: ಬ್ಯಾಸಗಿತುಂಬ ಬೇರಿಗೆ ನೀರ ಹಾಕಾವರು ಯಾರು, ಕಾಯಿ ತಿನ್ನಾವರು ಯಾರು, ಅದನ್ನರ ಕೇಳ್ರಿ.

ಅಷ್ಟು ಸಾಕಾಯಿತು. ಮೂರು ದಿನದ ಬಾಕಿಯೆಲ್ಲ, ವಕೀಲನಿಲ್ಲ, ಇರುವುದು ವ್ರತ, ಅದಕ್ಕೆ ಐತವಾರ ಬಿಡುವು ಎಂಬುದೂ ಸೇರಿ, ಗೋಡೆಯ ಮೇಲೆ ಬಿತ್ತು. ಗಿಡದ ಮೇಲಿನ ಕಾಗೆಗಳು ಎದ್ದು ಹೋದವು. ಕೊನೆಗೆ ಮೆಹರುನಬಿ ಬಂದು, ಹಿಡಿದ ರೋಜಾದ ಪುಣ್ಯವನ್ನೆಲ್ಲ ಗೋಡೆಗೇ ಸುರಿದುಬಿಟ್ಟಿರಿ, ಇನ್ನು ನಮಾಜಿಗೆ ನಡೆಯಿರಿ ಎಂದು ಗಂಡನನ್ನು ಎಳೆದಳು. ಬೆವರಿ ಹಗುರಾಗಿದ್ದ ಇಮಾಮಹುಸೇನ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ತಿರುಗಿ ನೋಡಿದ.

ಇಮಾಮಹುಸೇನ: ನಿನ್ನ ಈಸ್ಟರ್ ಯಾವಾಗೋ?

ದಾವೀದಪ್ಪ: ಏಪ್ರಿಲ್ ಹುಟ್ಟಿದ ಮ್ಯಾಲೆ.

ಇಮಾಮಹುಸೇನ: ನನ್ನ ಈದ್ ಅದಕಿಂತ ಎರಡ ವಾರ ಮೊದಲ ಬರ್ತೈತಿ. ಅಲ್ಲಿಂದ ದಿನಾ ಮುಂಜಾನೆ ಗೋಡಿಗೆ ಬಂದ ಬಾಯ್ತುಂಬ ಬೈತೇನಿ. ನೀ ಐತವಾರ ಬರೂತನಾ ನನಗ ರೀ ಅನ್ಕೋಂತ ನಿಂದ್ರು.

ಅವನು ಹೋದ. ದಾವೀದಪ್ಪ ಈದ್‌ನಿಂದ ಈಸ್ಟರ್‌ವರೆಗಿನ ದಿನಗಳನ್ನು ಬೆರಳು ಮಡಚಿ ಎಣಿಸಿದ.

ದಾವೀದಪ್ಪ: ಏ ಇಕಿ, ಫಾದರ್‌ಗೆ ಫೋನ್ ಹಚ್ಚ.

ಮಾರ್ತವ್ವ: ಯಾಕ್ರಿ?

ದಾವೀದಪ್ಪ: ಚಹಾ ಬಿಡತೇನಿ, ಸಕ್ಕರಿ ಬಿಡತೇನಿ, ಬೇಕಾದ್ರ ಒಂದ ಹೊತ್ತ ರೊಟ್ಟಿನೂ ಬಿಡತೇನಿ. ಜಗಳಾ ಅಷ್ಟ ತಿರುಗಿ ಕೊಡ್ರಿ ಅಂತ ಕೇಳತೇನಿ.