ಕಮೋಡಿಗೊಂದು ಚಿಲಕ

"ನನ್ನ ಮನೆಯಲ್ಲಿ ನನ್ನ ಮಗುವಿಗೆ ಒಂದೇ ಒಂದು ಗೀರು ಬೀಳಲಿ, ಮೀಸೆ ಬೋಳಿಸ್ತೀನಿ!" ಎಂದು ಸೇಫ್ಟಿ ಸಾಹೇಬರು ಕ್ಯಾಂಟೀನಿನಲ್ಲಿ ಮೇಜು ಗುದ್ದಿ ಸಾರಿದಾಗ, ಆ ಮಗು ಇನ್ನೂ ಹುಟ್ಟಿರಲೇ ಇಲ್ಲ. ಹೆಂಡತಿಗೆ ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿತ್ತು, ಅಷ್ಟೆ.

ಸಾಹೇಬರು ಬಿಸ್ಕತ್ತು ಕಾರ್ಖಾನೆಯೊಂದರ ಸುರಕ್ಷತಾ ಅಧಿಕಾರಿ. ಹೆಲ್ಮೆಟ್ ಹಾಕದವನು ಮ್ಯಾನೇಜರೇ ಆದರೂ ಗೇಟಿನೊಳಕ್ಕೆ ಬಿಡದ ಆಸಾಮಿ. ಒದ್ದೆ ನೆಲ ಕಂಡರೆ ಹಾವು ಕಂಡವರಂತೆ ಕೂಗುವವರು. ಅಂಥವರು ತಂದೆಯಾಗಲಿದ್ದಾರೆ ಎಂದದ್ದೇ ತಡ, ಸ್ವಂತ ಮನೆ ಸಿಡಿಮದ್ದಿನ ಗೋದಾಮಿನಂತೆ ಕಾಣತೊಡಗಿತು. ಅಯ್ಯೋ, ಮೇಜಿಗೆ ಮೂಲೆ! ಡ್ರಾಯರಿಗೆ ಸಂದಿ! ಫ್ರಿಜ್ಜಿಗೆ ಬಾಗಿಲು!

ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ದಿಂಬುಗಳ ನಡುವೆ ಹೇಗೋ ಮಗ್ಗುಲಾಗಿ ನಿದ್ದೆಹೋದಳು. ಸಾಹೇಬರು ಪೇಟೆಯಿಂದ ತಂದಿದ್ದ ಚೀಲ ಬಿಚ್ಚಿದರು. ಒಳಗೆ ಮಕ್ಕಳ ಕೈಗೆ ಬಗ್ಗದ ಪ್ಲಾಸ್ಟಿಕ್ ಚಿಲಕಗಳ ರಾಶಿ, ಜೊತೆಗೆ ಅವನ್ನು ಅಂಟಿಸುವ ಗೋಂದು. "ಒಂದು ಚುಕ್ಕೆ ಹಚ್ಚಿ ಸಾಕು ಸಾರ್, ಆನೆ ಎಳೆದ್ರೂ ಬರಲ್ಲ" ಎಂದಿದ್ದ ಅಂಗಡಿಯವನು. ಆನೆಗೇ ಒಂದು ಚುಕ್ಕೆಯಾದರೆ, ತಮ್ಮ ರಕ್ತ ಹಂಚಿಕೊಂಡು ಬರುವ ಕೂಸಿಗೆ? ಸಾಹೇಬರು ಧಾರಾಳವಾಗಿ ಮೆತ್ತಿದರು. ಮೊದಲು ಚಾಕು, ಕತ್ತರಿ, ಸ್ಕ್ರೂಡ್ರೈವರು ಎಲ್ಲವನ್ನೂ ಒಂದೇ ಡ್ರಾಯರಿಗೆ ತುಂಬಿ ಚಿಲಕ ಜಡಿದರು. ಆಮೇಲೆ ಬೀರು, ಫ್ರಿಜ್ಜು, ಔಷಧಿ ಪೆಟ್ಟಿಗೆ. ಕೊನೆಗೆ ಕೈಯಲ್ಲೊಂದು ಚಿಲಕ ಉಳಿಯಿತು. ದಂಡವಾಗಬಾರದಲ್ಲ! ಕಮೋಡಿನ ಮುಚ್ಚಳಕ್ಕೂ ಅಂಟಿಸಿದರು. ಮನೆಗೆಲ್ಲ ಬೀಗ ಹಾಕಿ, ನಡುಮನೆಯಲ್ಲಿ ನಿಂತು ಬೀಗಿದರು.

ಹೆಂಡತಿ ಎದ್ದಳು. ದಿನ ತುಂಬುತ್ತಿರುವ ಹೆಂಗಸು ಸವಿನಿದ್ದೆಯಿಂದ ಏಳುವುದು ಒಂದೇ ಕಾರಣಕ್ಕೆ. ಸೊಂಟ ಹಿಡಿದುಕೊಂಡು ನೇರ ಬಾತ್‌ರೂಮಿಗೆ ನಡೆದಳು.

"ರೀ! ಈ ಮುಚ್ಚಳ ಏಳ್ತಾನೇ ಇಲ್ಲ!"

"ಏಳಬಾರದು ಅಂತಲೇ ಹಾಕಿರೋದು! ಮಗು ಕೈ ಹಾಕಿಬಿಟ್ರೆ?"

"ಯಾವ ಮಗು?"

"ನಮ್ಮ ಮಗು!"

"ಅದಿನ್ನೂ ನನ್ನ ಹೊಟ್ಟೇಲಿದೆ ರೀ! ಅಲ್ಲಿ ಕೂತ್ಕೊಂಡೇ ನನಗೆ ಅವಸರ ಮಾಡ್ತಿದೆ! ತೆಗೀರಿ ಇದನ್ನ!"

"ಗಾಬರಿ ಆಗಬೇಡ. ಯಾವತ್ತೂ ಸುರಕ್ಷತೆ ಮೊದಲು..."

"ನಿಮಗೆ ಸುರಕ್ಷತೆ ಮೊದಲು. ನನಗೀಗ ಒಂದು ಮೊದಲು!"

ಸಾಹೇಬರು ಕಮೋಡಿನ ಮುಂದೆ ಮೊಣಕಾಲೂರಿದರು. ಚಿಲಕ ಬಿಚ್ಚಲು ಮೇಲೆ ಒತ್ತಿ, ಪಕ್ಕ ಹಿಂಡಿ, ಎಳೆಯಬೇಕು. ಒತ್ತಿದರು, ಹಿಂಡಿದರು, ಎಳೆದರು. ಚಿಲಕ ಮಿಸುಕಲಿಲ್ಲ. ಧಾರಾಳದ ಗೋಂದು ಅದರ ಹೊಟ್ಟೆಯೊಳಕ್ಕೇ ಇಳಿದು ಕಲ್ಲಾಗಿತ್ತು.

"ಸ್ಕ್ರೂಡ್ರೈವರ್ ತರ್ತೀನಿ, ತಾಳು" ಎಂದು ಓಡಿದವರು ಡ್ರಾಯರಿನ ಮುಂದೆ ನಿಂತೇಬಿಟ್ಟರು.

"ಏನಾಯ್ತು?"

"ಅದು... ಒಳಗಿದೆ."

"ಚಾಕು?"

"ಅದೂ ಒಳಗೇ."

"ಕತ್ತರಿ?"

ಸಾಹೇಬರು ಡ್ರಾಯರಿನತ್ತ ಬೆರಳು ತೋರಿದರು.

ಹೆಂಡತಿ ಕೆಳಮನೆಯ ಟೈಲರಮ್ಮನ ಬಾತ್‌ರೂಮೇ ಗತಿಯೆಂದು ಮೆಟ್ಟಿಲಿಳಿಯತೊಡಗಿದಳು. "ನಿಧಾನ! ಕಂಬಿ ಹಿಡ್ಕೋ! ಕಾಲು ನೋಡ್ಕೊಂಡು!" ಎಂದು ಸಾಹೇಬರು ಮೇಲಿನಿಂದ ಕೂಗಿದರು.

"ಬಾಯಿ ಮುಚ್ಚಿ! ಈಗ ನಕ್ಕರೂ ಕಷ್ಟ, ಅತ್ತರೂ ಕಷ್ಟ!"

ಅವಳು ಬರುವಷ್ಟರಲ್ಲಿ ಮುಚ್ಚಳ ತೆಗೆದು ಮಾನ ಉಳಿಸಿಕೊಳ್ಳಬೇಕು! ಸಾಹೇಬರು ಗೋಡೆಗೆ ಒಂದು ಕಾಲು ಕೊಟ್ಟು, ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಜಗ್ಗಿದರು. ಫಟ್! ಚಿಲಕ ಬರಲಿಲ್ಲ, ಇಡೀ ಕಮೋಡೇ ಬುಡಸಮೇತ ಅಲ್ಲಾಡಿತು. ಹಿಂದಿನ ಕೊಳವೆ ಕಳಚಿ ನೀರು ಛಾವಣಿಗೆ ಚಿಮ್ಮಿತು. ಒದ್ದೆ ನೆಲದ ಕಡುವೈರಿ ಒದ್ದೆ ನೆಲದ ಮೇಲೆ ಅಂಗಾತ ಬಿದ್ದರು!

ಹೇಗೋ ಗೇಟ್‌ವಾಲ್ವ್ ತಿರುಗಿಸಿ ನೀರು ನಿಲ್ಲಿಸಿ, ತೊಯ್ದು ತೊಪ್ಪೆಯಾಗಿ ಹೊರಗೆ ಬಂದರೆ, ಬಾಗಿಲಲ್ಲಿ ಅತ್ತೆ! ಹಿಂದಿನ ಬೀದಿಯಲ್ಲೇ ಮನೆ, ಮಗಳನ್ನು ನೋಡಿಹೋಗಲು ಬಂದಿದ್ದರು.

"ನನ್ನ ಮಗಳೆಲ್ಲಿ?"

"ಕೆಳಗೆ ಹೋಗಿದ್ದಾಳೆ."

"ಯಾಕೆ?"

"...ಒಂದಕ್ಕೆ."

ಅತ್ತೆ ಅಳಿಯನನ್ನು ಮೇಲಿನಿಂದ ಕೆಳಗಿನವರೆಗೆ, ಆಮೇಲೆ ಸುತ್ತಲಿನ ಚಿಲಕಗಳನ್ನೆಲ್ಲ ನೋಡಿದರು. "ಹುಟ್ಟದಿರೋ ಮಗೂನ ಕಾಪಾಡೋ ಭರದಲ್ಲಿ ಹೆರೋಳನ್ನ ಮನೆಯಿಂದಾಚೆ ಹಾಕಿದ್ರಾ? ಅವಳು ನನ್ನ ಜೊತೆ ಬರ್ತಾಳೆ. ಅವಳ ಸಂಜೆಯ ಮಾತ್ರೆ ಕೊಡಿ."

ಸಾಹೇಬರು ಔಷಧಿ ಪೆಟ್ಟಿಗೆ ನೋಡಿದರು. ಅತ್ತೆಯೂ ನೋಡಿದರು. ಆಮೇಲೆ ಇಡೀ ಪೆಟ್ಟಿಗೆಯನ್ನೇ ಕಂಕುಳಲ್ಲಿ ಇರುಕಿಕೊಂಡು ನಡೆದರು.

ಹೆಂಡತಿ ಬೈದಿದ್ದರೆ ವಾಸಿಯಿತ್ತು. ಅವಳು ಬೀದಿಯಿಂದ ಒಮ್ಮೆ ಮೇಲೆ ನೋಡಿದಳು, ತಾಯಿಯ ತೋಳು ಹಿಡಿದು ಹೋಗಿಬಿಟ್ಟಳು.

ಮನೆ ಬಿಕೋ ಎಂದಿತು. ಹಾಲು ಫ್ರಿಜ್ಜಿನ ಒಳಗೆ, ಹಸಿವು ಹೊರಗೆ. ತಡೆಯಲಾರದೆ ಫೋನ್ ಮಾಡಿದರು.

"ಮಾತ್ರೆ ತಗೊಂಡ್ಯಾ?"

"ಅಮ್ಮ ಪೆಟ್ಟಿಗೆ ಒಡೆದಳು."

"ವಾಪಸ್ ಯಾವಾಗ ಬರ್ತೀಯ?"

"ಮನೆ ಬಾಯಿಬಿಟ್ಟಾಗ."

ಸಾಹೇಬರು ಟೈಲರಮ್ಮನ ಮನೆಯಿಂದ ಸುತ್ತಿಗೆ, ಸಲಾಕೆ ತಂದರು. ಚಿಲಕಗಳು ಮಾತಿಗೆ ತಪ್ಪಲಿಲ್ಲ: ಒಂದೂ ಕಿತ್ತು ಬರಲಿಲ್ಲ! ಕಿತ್ತು ಬಂದದ್ದು ಮರ. ಡ್ರಾಯರಿನ ಮುಖ ಸೀಳಿತು. ಬೀರುವಿನ ಬಾಗಿಲು ಒಂಟಿ ಕೀಲಿನಲ್ಲಿ ಜೋತಾಡಿತು. ಫ್ರಿಜ್ಜಿನ ಹಿಡಿ ಕೈಗೇ ಬಂತು. ಹೊತ್ತು ಮುಳುಗುವಷ್ಟರಲ್ಲಿ ನೆಲದ ತುಂಬ ಚಕ್ಕೆ, ಮೊಳೆ, ಚೂರು. ಕಾರ್ಖಾನೆಯೊಂದು ಈ ಸ್ಥಿತಿಯಲ್ಲಿದ್ದಿದ್ದರೆ ಸಾಹೇಬರೇ ಕೆಂಪು ಪಟ್ಟಿ ಕಟ್ಟಿ ಮುಚ್ಚಿಸುತ್ತಿದ್ದರು! ಜಜ್ಜಿದ ಹೆಬ್ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಆ ಅವಶೇಷಗಳ ನಡುವೆ ಕುಳಿತರು. ಒಂದು ಮುಚ್ಚಳ ಎತ್ತಲಾರದ ಈ ಕೈ, ನಾಳೆ ನಿಲ್ಲದ ಕತ್ತಿನ ಎಳೆಗೂಸನ್ನು ಹೇಗೆ ಎತ್ತೀತು?

ಬಾಗಿಲಲ್ಲಿ ನೆರಳಾಯಿತು. ಹೆಂಡತಿ, ಹಿಂದೆ ಅತ್ತೆ.

"ಅಯ್ಯೋ, ಕಳ್ಳರು ಬಂದಿದ್ರಾ?" ಎಂದರು ಅತ್ತೆ.

"ಕಳ್ಳರಾಗಿದ್ರೆ ಇಷ್ಟು ಹಾಳು ಮಾಡ್ತಿರಲಿಲ್ಲಮ್ಮ" ಎಂದಳು ಮಗಳು.

ಸಾಹೇಬರು ತಲೆಯೆತ್ತಲಿಲ್ಲ. "ನನಗೆ ಭಯ ಕಣೇ. ಕಾರ್ಖಾನೇಲಿ ಏನಾದ್ರೂ ಆದ್ರೆ ವರದಿ ಬರೀತೀನಿ. ಈ ಮಗೂಗೇನಾದ್ರೂ ಆದ್ರೆ ನಾನು ಏನಂತ ಬರೀಲಿ?"

ಹೆಂಡತಿ ಕಾಲಿನಿಂದ ಚಕ್ಕೆಗಳನ್ನು ಸರಿಸಿ, ನೆಟ್ಟಗೆ ನಿಂತಿದ್ದ ಒಂದೇ ಕುರ್ಚಿಯಲ್ಲಿ ಮೆಲ್ಲನೆ ಕುಳಿತಳು. ಕರವಸ್ತ್ರ ಸುತ್ತಿದ ಆ ಕೈಯನ್ನು ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

ಧಡಕ್!

ಸಾಹೇಬರು ಬೆಚ್ಚಿಬಿದ್ದರು. ಕಣ್ಣು ತುಂಬಿ ಬಂತು. "ಒದೀತಿದೆ! ಇಷ್ಟು ಜೋರಾಗಿ! ಏನೂ ತೊಂದರೆ ಇಲ್ಲ ತಾನೆ?"

"ಏನಿಲ್ಲ. ನಿಮ್ಮನ್ನ ಒದೆಯೋಕೆ ನಾವೆಲ್ಲ ಸಾಲಲ್ಲಿ ನಿಂತಿದ್ದೀವಿ" ಎಂದಳು ಹೆಂಡತಿ. "ಚಿಕ್ಕವರು ಅಂತ ಮೊದಲ ಸರದಿ ಬಿಟ್ಟುಕೊಟ್ವಿ."