ಹೊಸ್ತಿಲ ಮೇಲೆ ಕೂತ ಮರಿ

ತಿಳಿಯದವನ ಹತ್ತಿರ ಯಾವಾಗಲೂ ಉತ್ತರಗಳು ಹೆಚ್ಚು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಆ ತಿಳಿಯದವನು ನಾನೇ. ಮುಧೋಳದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನಮ್ಮಣ್ಣ, ಊಟಕ್ಕೆ ಕೂತಾಗ ವಿಕಾಸವಾದದ ಪ್ರಶ್ನೆಗಳನ್ನು ನನ್ನ ತಟ್ಟೆಗೂ ಬಡಿಸುತ್ತಿದ್ದ. ನಮ್ಮೂರ ಬೇಟೆನಾಯಿಗೆ ಇಷ್ಟುದ್ದ ಕಾಲು ಹೇಗೆ ಬಂತು? ಮೊಲದ ಹಿಂದೆ ಓಡಿ ಓಡಿ ಬಂತು ಎನ್ನುತ್ತಿದ್ದೆ. ಜಾಲಿಗೆ ಮುಳ್ಳು? ಆಡುಗಳ ಕಾಟ ತಾಳಲಾರದೆ ಬೆಳೆಸಿಕೊಂಡಿತು. ಮಿಡತೆ ಹಸಿರೇಕೆ? ಅದು ದೇವರ ಇಚ್ಛೆ. ನಾಯಿಗೊಂದು, ಗಿಡಕ್ಕೊಂದು, ಹುಳಕ್ಕೊಂದು ಹೀಗೆ ನನ್ನಲ್ಲಿ ಉತ್ತರಗಳ ಅಂಗಡಿಯೇ ಇತ್ತು. ಅಣ್ಣನ ಹತ್ತಿರ ಮಾತ್ರ ಎಲ್ಲದಕ್ಕೂ ಒಂದೇ ಉತ್ತರ. ಅದೂ ಪ್ರಶ್ನೆಯ ರೂಪದಲ್ಲಿ. "ಒಂದನ್ನ ನೋಡಿ ಹೇಳಬ್ಯಾಡಲೇ ಗುರ್ಯಾ, ಹಿಂಡು ಪೂರಾ ನೋಡು. ಎಲ್ಲಾವೂ ಒಂದೇ ನಮೂನಿ ಇರಂಗಿಲ್ಲ. ಅದರಾಗ ಯಾವು ಉಳದ್ವು? ಯಾವುದರ ಮರಿ ಉಳದ್ವು?" ನಾಯಿ, ಜಾಲಿ, ಮಿಡತೆ ಮೂರೂ ಅವನ ಕಣ್ಣಿಗೆ ಒಂದೇ ಪ್ರಶ್ನೆ. ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟೊಂದನ್ನು ಹಿಡಿಯುವವನನ್ನು ನಾನು ಮತ್ತೆ ಕಂಡಿಲ್ಲ.

ಅವನ ನಾಯಿ ಚಿಗರಿ ಮೊದಲ ಸಲ ಗಬ್ಬಾದಾಗ, ಮರಿಗಳಿಗೆ ಓಟ ಬರಲೆಂದು ನಾನು ಅದನ್ನು ದಿನಾ ಸೈಕಲ್ಲಿನ ಹಿಂದೆ ಓಡಿಸುತ್ತಿದ್ದೆ. ಅಣ್ಣ ಒಂದು ಮುಂಜಾನೆ ಸೈಕಲ್ಲಿಗೆ ಅಡ್ಡ ನಿಂತ. "ನಮ್ಮ ಮನ್ಯಾಗ ಅಜ್ಜೀ ಕಾಲದಿಂದ ಹೆಣ್ಣಮಕ್ಕಳ ಕಿವಿ ಚುಚ್ಚಾಕತ್ತೇವಿ. ತೂತಿನ ಕಿವಿ ತಗೊಂಡು ಹುಟ್ಟಿದ ಕೂಸು ಎಲ್ಲೈತಿ, ತೋರಿಸು." ಒಳಗಿದ್ದ ಅಣ್ಣನ ಹೆಂಡತಿ, ನಮ್ಮ ವೈನಿ, ನಕ್ಕದ್ದು ಬೀದಿಗೆ ಕೇಳಿಸಿತು. ಮರಿಗಳಿಗೆ ಓಟ ಬಂತೋ ಇಲ್ಲವೋ, ನಾನು ಮಾತ್ರ ಸೊರಗಿದ್ದೆ.

ಹೋದ ಶ್ರಾವಣದಲ್ಲಿ ಅಣ್ಣ ಜ್ವರ ಬಂದು ತೀರಿಕೊಂಡ. ಅಂದಿನಿಂದ ಸಾಲಿ ಬಿಡುವ ಹೊತ್ತಿಗೆ ಚಿಗರಿ ಹೊಸ್ತಿಲ ಮೇಲೆ ಬಂದು, ದೀಪ ಹಚ್ಚುವವರೆಗೂ ಬೀದಿ ನೋಡುತ್ತ ಕೂರುತ್ತದೆ. ಅದಕ್ಕೂ ವಯಸ್ಸಾಗಿತ್ತು, ಆಮೇಲೆ ಹಾಕಿದವೇ ಕಡೆಯ ಮರಿಗಳು. ಅವನ್ನೆಲ್ಲ ಬೇರೆ ಮನೆಗಳಿಗೆ ಕೊಡುವುದೆಂದು ಮಾತಾಗಿತ್ತು. "ಒಂದ ಇಟ್ಕೊಳ್ಳೂಣು ಗುರಪ್ಪ," ಎಂದರು ವೈನಿ. "ಚಿಗರಿ ಹೋದ ಮ್ಯಾಲೂ ಅವರ ದಾರಿ ನೋಡುವಂಥಾದ್ದು ಇರಲಿ. ನೀವ ಆರಿಸ್ರಿ."

ಆರಿಸುವುದೇನು ಸಣ್ಣ ಕೆಲಸವೇ? ತಪ್ಪಿದರೆ ಅಣ್ಣನನ್ನು ಕಾಯುವವರೇ ಈ ಮನೆಯಲ್ಲಿ ಇಲ್ಲವಾಗುತ್ತಾರೆ. ಅಷ್ಟರಲ್ಲಿ ಕಂದುಕಿವಿಯ ಮರಿಯೊಂದು ಸಂಜೆ ಹೊಸ್ತಿಲೇರಿ ಬೀದಿಗೆ ಮುಖ ಮಾಡಿ ಕೂತದ್ದು ಕಂಡಿತು. "ವೈನೀ, ತಾಯಿ ಗುಣ ರಕ್ತದಾಗ ಬಂದೈತ್ರಿ!" ಎಂದು ಕೂಗಿದೆ. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗಂತೂ ಹೆಮ್ಮೆ.

ಆದರೆ ಹಿಂಡು ಪೂರಾ ನೋಡೆಂಬ ಮಾತು ಕಿವಿಯಿಂದ ಹೋಗಲಿಲ್ಲ. ಮರುದಿನ ನೋಡಿದೆ. ಹೊಸ್ತಿಲ ಮೇಲೆ ಎಲ್ಲ ಮರಿಗಳೂ ಇದ್ದವು! ಅನುಮಾನ ಬಂದು ಚಿಗರಿಗೆ ರೊಟ್ಟಿ ತೋರಿಸಿ ಹಿತ್ತಲಿಗೆ ಕರೆದೆ. ಮರಿಗಳೂ ಬೀದಿಗೆ ಬೆನ್ನು ತಿರುಗಿಸಿ ಅದರ ಹಿಂದೆ ಓಡಿದವು. ಹಾಲು ಇದ್ದಲ್ಲಿ ಅವು. ಎಲ್ಲಕ್ಕಿಂತ ಮುಂದೆ ಕಂದುಕಿವಿ.

ವೈನಿಗೆ ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದರು. "ಆ ಮರಿ ಅವರ ಮುಖಾ ಸುದ್ದಾ ಕಂಡಿಲ್ಲ. ಕಾಯೂದು ಎಲ್ಲಿಂದ ಬರಬೇಕು?" ಎಂದು ನಕ್ಕರು. ಶ್ರಾವಣದ ನಂತರ ಅದೇ ಮೊದಲ ನಗು. "ಅವರಿದ್ರ ನಿಮ್ಮ ಕಿವಿ ಹಿಂಡತಿದ್ರು."

"ಮತ್ತ ಯಾವುದನ್ನ ಇಟ್ಕೊಳ್ಳೂಣ್ರಿ?"

"ಅದನ್ನ ಇಟ್ಕೊಳ್ರಿ. ನಾವು ಇಟ್ಕೊಂಡದ್ದ ಉಳೀತೈತಿ ಅಂತಿದ್ದಿಲ್ಲೇನು ಅವರು?"

ಕಂದುಕಿವಿ ಉಳಿಯಿತು. ಈಗದು ದೊಡ್ಡದಾಗಿದೆ, ಸಂಜೆ ಹೊಸ್ತಿಲಿಗೆ ಬಂದು ಕೂರುತ್ತದೆ. ಇದು ರಕ್ತದಲ್ಲಿ ಬಂದದ್ದಲ್ಲ, ದಿನಾ ಅಲ್ಲಿ ಕೂರುವವರನ್ನು ನೋಡಿ ಕಲಿತದ್ದು ಎಂದು ಈಗ ಖಚಿತವಾಗಿ ಹೇಳಬಲ್ಲೆ. ಚಿಗರಿಯ ಪಕ್ಕದಲ್ಲಿ ಕೂರುವವನು ನಾನೇ. ನನಗೂ ಇದು ರಕ್ತದಲ್ಲಿ ಬಂದಿರಲಾರದು. ನಮ್ಮಪ್ಪ ಎಂದೂ ಯಾರಿಗೂ ಕಾದವರಲ್ಲ, ರೊಟ್ಟಿ ಬೇಯುವವರೆಗೂ ಕೂಡ.