ಸೀರೆ ಡಬ್ಬಿಯ ಚೀಟಿಗಳು

ಹಿಂಬದಿ ಇಲ್ಲದ ಯಾವ ವಸ್ತುವನ್ನೂ ನಮ್ಮ ಸೋದರಮಾವ ನಂಬುತ್ತಿರಲಿಲ್ಲ! ದೇವರ ಪಟ ಕಂಡರೂ ತಿರುಗಿಸಿ ನೋಡುವ ಆಸಾಮಿ. ಎಲ್ಲಕ್ಕೂ ಕಾರಣ ಅವನ ರಟ್ಟಿನ ಚೀಟಿಗಳು. ಮುಂದೆ ಪ್ರಶ್ನೆ, ಹಿಂದೆ ಉತ್ತರ.

ನಾನು ಕಾಲೇಜು ಮುಗಿಸುವ ಹೊತ್ತಿಗೂ ಮಾಮ ಎಸ್ಸೆಸ್ಸೆಲ್ಸಿಗೇ ಕಟ್ಟುತ್ತಿದ್ದ. ಮೇಷ್ಟ್ರಾಗುವ ಹುಚ್ಚು! "ಈ ಸಲ ಪಾಸಾಗದಿದ್ರೆ ಸುಮ್ನೆ ಅಂಗಡೀಲಿ ಕೂಡ್ರು" ಎಂದು ಅಜ್ಜ ಗುಡುಗಿದ್ದರು. ಹರಿಹರದಲ್ಲಿ ಅಜ್ಜನದು ಜವಳಿ ಅಂಗಡಿ. ಅಲ್ಲಿನ ಸೀರೆ ಡಬ್ಬಿಗಳೆಲ್ಲ ಮಾಮನ ಕತ್ತರಿಗೆ ಬಲಿಯಾಗಿ, ಮದುವೆ ಸೀರೆ ಕೊಂಡವರು ಅದನ್ನು ಸೊಪ್ಪಿನ ಕಟ್ಟಿನಂತೆ ಕಂಕುಳಲ್ಲಿಟ್ಟುಕೊಂಡು ಹೋಗುವಂತಾಯಿತು.

ಚೀಟಿ ಹಿಡಿಯಲು ಜನ ಬೇಕಲ್ಲ? ನಾನು ಹಿಡಿದರೆ ಉತ್ತರ ನನ್ನ ಮುಖದ ಮೇಲೇ ಕಾಣುತ್ತದಂತೆ. ಹಾಗಾಗಿ ಓದು ಬಾರದವರೇ ಆಗಬೇಕು! ಕ್ಷೌರದವನನ್ನೂ ಬಿಡಲಿಲ್ಲ. ಗಂಟಲ ಮೇಲೆ ಕತ್ತಿ, ಕಣ್ಣೆದುರು ಪಾಣಿಪತ್ ಯುದ್ಧ.

"ತಲೆ ಅಲ್ಲಾಡಿಸಬ್ಯಾಡ್ರಿ!"

"ಅಲ್ಲಾಡಿಸದಿದ್ರೆ ನೆನಪು ಹೆಂಗ್ ಬರ್ತೈತೋ?"

ಅರ್ಧ ಮೀಸೆ ಹೋಯಿತು, ಉತ್ತರ ಬರಲಿಲ್ಲ. ಉತ್ತರ ಬಾರದ ಚೀಟಿಗೆ ಮಾಮನದೊಂದು ಕಾನೂನು: ಹರಿಯಬಾರದು, ಹಿಂಬದಿ ಕದ್ದು ನೋಡಬಾರದು, ಕಟ್ಟಿನ ಅಡಿಗೆ ಸೇರಿಸಬೇಕು. "ಮತ್ತೆ ಮೇಲಕ್ಕೆ ಬಂದೇ ಬರ್ತೈತೆ ಬಿಡಲೇ ಅಳಿಯಾ. ಅದೆಲ್ಲಿಗೆ ಹೋಗ್ತೈತೆ?"

ಪರೀಕ್ಷೆ ದಾವಣಗೆರೆಯಲ್ಲಿ, ಮಾಮನ ಜೊತೆಗೆ ಹೊರಟವನು ನಾನು. ರೈಲು ಬಂತು, ಕೂಗಿತು, ಹೋಯಿತು. ಮಾಮ ಸ್ಟೇಷನ್ನಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಒಂದು ಉತ್ತರಕ್ಕೆ ತಡಕಾಡುತ್ತಿದ್ದ! ನನ್ನ ಗೋಳು ಯಾರಿಗೆ ಹೇಳಲಿ? ಟಾಂಗಾ ಹತ್ತಿದೆವು. ಟಾಂಗಾದವನ ಕೈಗೂ ಚೀಟಿ ಬಂತು.

"ಯಜಮಾನಾ, ಇತ್ತಾಗೆ ತಿರುಗಿ ಹಿಡಿ!"

"ಕುದುರೆ ನೋಡೋರು ಯಾರ್ರಿ?"

"ಅದಕ್ಕೆ ದಾರಿ ಗೊತ್ತೈತೆ. ನನಗೆ ಉತ್ತರ ಗೊತ್ತಿಲ್ಲ!"

ನಕ್ಕೆವು. ಮೂವರೂ ನಕ್ಕೆವು. ಆ ನಗುವಿನ ಮೇಲೆಯೇ ಲಾರಿ ಬಂತು.

ಇವತ್ತಿಗೂ ಹಾರ್ನ್ ಕೇಳಿದರೆ ಸಾಕು, ಕಣ್ಣ ಮುಂದೆ ಚೀಟಿಗಳು ಗಾಳಿಯಲ್ಲಿ ತಿರುಗುತ್ತವೆ: ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ನಾನೂ ಟಾಂಗಾದವನೂ ಹೊಲದೊಳಗೆ ಬಿದ್ದು ಉಳಿದೆವು. ಮಾಮನ ತಲೆ ಮೈಲಿಗಲ್ಲಿಗೆ ಬಡಿದಿತ್ತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನಿಗೆ ಯಾರ ಗುರುತೂ ಇಲ್ಲ. "ಅಂಗಡಿ ಬ್ಯಾಡಪ್ಪಾ, ಪಾಸೂ ಬ್ಯಾಡ. ನನ್ನ ಒಂದ್ಸಲ ಅಪ್ಪ ಅನ್ನು" ಎಂದು ಅಜ್ಜ ಅತ್ತರು. ಡಾಕ್ಟರು ಕೈಚೆಲ್ಲಿದರು. ದಿಕ್ಕು ತೋಚದೆ ನಾನೇ ಒಂದು ಸೀರೆ ಡಬ್ಬಿ ಕತ್ತರಿಸಿದೆ. ಮುಂದೆ "ನಾನು ಯಾರು?" ಎಂದು ಬರೆದೆ, ಹಿಂದೆ "ಅಳಿಯ". ರಸ್ತೆಯಲ್ಲಿ ಆರಿಸಿ ತಂದಿದ್ದ ಅವನ ಹಳೆಯ ಚೀಟಿಗಳ ಕಟ್ಟನ್ನು ಹಾಸಿಗೆಯ ಮೇಲಿಟ್ಟು, ಹೊಸದನ್ನು ಎದೆಗೆ ಹಿಡಿದು ನಿಂತೆ.

ಮಾಮ ಓದಿದ. ನನ್ನ ಮುಖ ನೋಡಿದ. ಉತ್ತರ ಅಲ್ಲಿಯೇ ಇತ್ತು, ಅವನಿಗೆ ಕಾಣಲಿಲ್ಲ. ಇಲ್ಲವೆಂದು ತಲೆ ಅಲ್ಲಾಡಿಸಿದ.

ಚೀಟಿಯನ್ನು ಹರಿಯಹೋದೆ. ಅವನು ಕೈ ಚಾಚಿ ಅದನ್ನು ಇಸಿದುಕೊಂಡ. ಹಿಂಬದಿ ನೋಡಲಿಲ್ಲ. ಮೆಲ್ಲಗೆ, ಮೂಲೆ ಮಡಚದಂತೆ, ಕಟ್ಟಿನ ಅಡಿಗೆ ಸೇರಿಸಿದ.